ನಾಲ್ಕನೇ ಭಾಗ ಅಮ್ಮನ ಹತ್ತಿರ ಇದೆ

ಆಗಸ್ಟ್ 4, ಸೋಮವಾರ

ಕ್ಷಮಿಸು, ನೋಟ್‌ಬುಕ್ಕೇ. ನಿನ್ನಲ್ಲಿ ಇದನ್ನೆಲ್ಲ ಬರೆಯಬಾರದು ಅಂತ ಗೊತ್ತು. ನೀನು ಅನಾಟಮಿ ರೆಕಾರ್ಡ್ ಆಗಬೇಕಿತ್ತು. ಮೊದಲ ಪುಟದಲ್ಲೇ ಹಸುವಿನ ತಲೆಬುರುಡೆ ಬಿಡಿಸೋಕೆ ಹೋದೆ, ಅದು ಹಳೇ ಶೂ ಥರ ಬಂತು. ಅನಾಟಮಿ ಕಲಿಸೋರಿಗೆ ಇಲ್ಲಿ ಮೂಳೆ ಮೇಡಂ ಅಂತ ಹೆಸರು. ಇಟ್ಟಿದ್ದು ಸೀನಿಯರ್‌ಗಳು, ನಾನಲ್ಲ. ಅವರು ಪುಟವನ್ನ ತಿರುಗಿಸಿ ತಿರುಗಿಸಿ ನೋಡಿ, "ಲೇಸ್ ಎಲ್ಲಮ್ಮ?" ಅಂದರು. ಇಡೀ ಕ್ಲಾಸ್ ನಕ್ಕಿತು. ನಾನು ಹೊಸ ರೆಕಾರ್ಡ್ ತಂದೆ, ನೀನು ಉಳಿದುಬಿಟ್ಟೆ.

ಇಂಗ್ಲಿಷಲ್ಲಿ ಬರೆದರೆ ಯಾರು ಬೇಕಾದರೂ ಓದಿಬಿಡ್ತಾರೆ. ನನ್ನ ಕನ್ನಡ ಅಕ್ಷರವನ್ನ ಎರಡನೇ ಸಲ ನಾನೇ ಓದೋಕೆ ಆಗಲ್ಲ, ಇದಕ್ಕಿಂತ ಒಳ್ಳೇ ಬೀಗ ಯಾವ ಅಂಗಡಿಯಲ್ಲೂ ಸಿಗಲ್ಲ. ಎಂಟನೇ ವಯಸ್ಸಿಗೆ ಬೋರ್ಡಿಂಗ್ ಸ್ಕೂಲಿಗೆ ಹೋದವಳು. ಕನ್ನಡ ಅಂದರೆ ನನಗೆ ಭಾನುವಾರದ ಫೋನು ಮತ್ತು ಬೇಸಿಗೆ ರಜೆ, ಅಷ್ಟೇ.

ಪಶುವೈದ್ಯ ಕಾಲೇಜಿಗೆ ಯಾಕೆ ಸೇರಿದೆ ಅಂದರೆ ಸ್ಕೂಲಲ್ಲಿ ಒಂದು ನಾಯಿಮರಿ ಇತ್ತು. ಇಲ್ಲಿ ಹಸು ಇವೆ. ಎರಡಕ್ಕೂ ಇರೋ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಪಕ್ಕದಲ್ಲಿ ನಿಂತ ಮೇಲೇ ತಿಳಿಯೋದು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಮ್ಮ ಪೂರ್ತಿ ಕೇಳಿಸ್ಕೊಂಡು, "ಈ ತಿಂಗಳು ನೋಡು ಪುಟ್ಟಿ. ಆಗಲಿಲ್ಲ ಅಂದರೆ ಕೊನೇ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ಮನೇಲಿ ಇದ್ಕೊಂಡೇ ಓದೋ ಕಾಲೇಜು ಬೇಕಾದಷ್ಟಿವೆ" ಅಂದಳು.

ಆಗಲ್ಲ ಅಂತ ಈಗಲೇ ಗೊತ್ತು. ತಿಂಗಳು ಮುಗಿಯೋದಷ್ಟೇ ಬಾಕಿ.

ಆಗಸ್ಟ್ 6, ಬುಧವಾರ

ಈ ಹಾಸ್ಟೆಲಲ್ಲಿ ಬೆಲ್ ಇಲ್ಲ. ಬೆಲ್ ಹೊಡೆದಾಗ ಎದ್ದು, ಬೆಲ್ ಹೊಡೆದಾಗ ತಿಂದು, ಬೆಲ್ ಹೊಡೆದಾಗ ನಿದ್ದೆ ಮಾಡಿ ಬೆಳೆದವಳು ನಾನು. ನಿನ್ನೆ ಊಟದ ಬೆಲ್‌ಗೆ ಕಾಯ್ತಾ ಕೂತಿದ್ದೆ, ಪಾತ್ರೆ ತೊಳೆಯೋ ಸದ್ದು ಬಂತು. ಯಾರನ್ನಾದರೂ ಕೇಳಬಹುದಿತ್ತು. ಏನು ಕೇಳಬೇಕು ಅಂತ ಮನಸ್ಸಲ್ಲೇ ವಾಕ್ಯ ಜೋಡಿಸ್ಕೊಂಡು, ಗ್ರಾಮರ್ ಸರಿ ಮಾಡ್ಕೊಂಡು, ಬಾಗಿಲವರೆಗೆ ಹೋಗಿ, ವಾಪಸ್ ಬಂದು ಬಿಸ್ಕೆಟ್ ತಿಂದೆ.

ಫಾರ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕರು ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಅದರ ಎದೆ ಸುತ್ತ ಟೇಪು ಹಿಡಿದು ಅಳತೆ ಬರೀಬೇಕು. ನನ್ನ ಕರು ನನ್ನನ್ನ ನೋಡಿತು, ನಾನು ಗೇಟ್ ನೋಡಿದೆ. ನನ್ನ ಬದಲು ರೂಮ್‌ಮೇಟ್ ಹೋಗಿ ಅಳೆದಳು. ಅವಳ ಹೆಸರು ಅಲಾರಂ. ಅವಳು ಇಟ್ಟ ಅಲಾರಂಗೆ ಬೆಳಿಗ್ಗೆ ಇಡೀ ಫ್ಲೋರ್ ಏಳುತ್ತೆ, ಅವಳೊಬ್ಬಳನ್ನ ಬಿಟ್ಟು.

ಆಗಸ್ಟ್ 9, ಶನಿವಾರ

ಅಲಾರಂ ಹಾಸಿಗೆ ಮೇಲೆ ಅರ್ಧಂಬರ್ಧ ಪುಸ್ತಕ ಬಿದ್ದಿತ್ತು. "ಯಾರು ಹರಿದಿದ್ದು?" ಅಂದೆ.

"ಹರಿದಿದ್ದಲ್ಲ ಕಣೇ, ಆಪರೇಷನ್ ಮಾಡಿದ್ದು."

ವಿಷಯ ಏನಂದರೆ, ಅದೊಂದು ಇಂಗ್ಲಿಷ್ ಕಾದಂಬರಿ, ಹಾಸ್ಟೆಲ್‌ಗೆ ಒಂದೇ ಕಾಪಿ. ದಪ್ಪ ಎಷ್ಟು ಅಂದರೆ ಎಲ್ಲರೂ ಅದನ್ನ ಇಟ್ಟಿಗೆ ಅಂತಲೇ ಕರೆಯೋದು. ಒಬ್ಬರು ಮುಗಿಸೋವರೆಗೆ ಉಳಿದವರು ಮುದುಕಿಯರಾಗ್ತಾರೆ ಅಂತ ಫೈನಲ್ ಇಯರ್ ಅಕ್ಕ ಒಬ್ಬರು ಸ್ಕಾಲ್ಪೆಲ್‌ನಿಂದ ಅದನ್ನ ಆರು ಭಾಗ ಮಾಡಿ, ಹಸುವಿನ ಹೊಟ್ಟೆ ಹೊಲಿಯೋ ದಾರದಲ್ಲಿ ಪ್ರತಿ ಭಾಗಕ್ಕೂ ಹೊಲಿಗೆ ಹಾಕಿದ್ದಾರೆ. ಆ ಅಕ್ಕನಿಗೆ ಹೈಕೋರ್ಟ್ ಅಂತ ಹೆಸರು. ಬಕೆಟ್ ಜಗಳದಿಂದ ಪ್ರೇಮದ ಜಗಳದವರೆಗೆ ತೀರ್ಪು ಅವರದೇ. ಒಂದು ಭಾಗ ಒಬ್ಬರ ಹತ್ತಿರ ಮೂರು ದಿನ. ಮುಂದಿನ ಕಥೆ ಬಾಯಿಬಿಟ್ಟವರು ಎಲ್ಲರ ಫಾರ್ಮ್ ಬೂಟು ತೊಳೀಬೇಕು. ಸೀನಿಯರ್‌ಗಳದ್ದೆಲ್ಲ ಮುಗಿದು, ಈ ತಿಂಗಳು ಇಟ್ಟಿಗೆ ನಮ್ಮ ಫ್ಲೋರಿಗೆ ಇಳಿದಿದೆ.

ನಮ್ಮ ಸ್ಕೂಲಿನ ಇಂಗ್ಲಿಷ್ ಮಿಸ್ ಇಂಥ ಪುಸ್ತಕ ಸಿಕ್ಕರೆ ಸತ್ತ ಇಲಿ ಥರ ಎರಡೇ ಬೆರಳಲ್ಲಿ ಹಿಡಿದು ಕಬೋರ್ಡಿಗೆ ಹಾಕೋರು. ರೆಕ್ಕೆ ಇರೋ ದೊರೆ, ದೀಪ ಹಚ್ಚೋ ಹುಡುಗಿ, ಶಾಪ. ಇಷ್ಟು ವಯಸ್ಸಾದ ಮೇಲೆ ಇದನ್ನ ಯಾರಾದರೂ ಓದ್ತಾರಾ? ಅಲಾರಂಗೆ ಬೇಜಾರಾಗಬಾರದು ಅಂತ ನಾಲ್ಕು ಪುಟ ಓದಿ ಕೊಟ್ಟುಬಿಡ್ತೀನಿ.

ಆಗಸ್ಟ್ 10, ಭಾನುವಾರ

ಮೊದಲ ಭಾಗ ಮುಗೀತು. ಇವತ್ತೂ ಊಟ ತಪ್ಪಿತು, ಆದರೆ ಅದಕ್ಕೆ ಬೆಲ್ ಕಾರಣ ಅಲ್ಲ.

ಸರೋವರದ ದೊರೆಗೆ ಒಂದು ಶಾಪ ಇದೆ. ಒಂದೊಂದು ಸುಳ್ಳಿಗೂ ಬೆನ್ನ ಮೇಲೆ ಒಂದೊಂದು ಗರಿ ಹುಟ್ಟುತ್ತೆ. ಈಗ ಅವನಿಗೆ ಎರಡು ಭರ್ಜರಿ ರೆಕ್ಕೆ ಇವೆ, ಅಂದರೆ ಲೆಕ್ಕ ಹಾಕು. ಅಷ್ಟು ಚೆಂದದವನು, ಅಷ್ಟು ಸುಳ್ಳುಗಾರ. ದೀಪ ಹಚ್ಚೋಳಿಗೆ ಅವನ ಕೋಟೆಯಲ್ಲಿ ಕೆಲಸ ಸಿಕ್ಕಿದೆ. ಕೋಟೆಯಲ್ಲಿ ಅವಳಿಗೂ ಯಾರೂ ಗೊತ್ತಿಲ್ಲ, ಪಾಪ.

ಆಗಸ್ಟ್ 13, ಬುಧವಾರ

ಎರಡನೇ ಭಾಗ ಮೇಲಿನ ಫ್ಲೋರಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಯಾರೋ ಸೀನಿಯರ್ ಇನ್ನೊಮ್ಮೆ ಓದ್ತೀನಿ ಅಂತ ಇಟ್ಕೊಂಡಿದ್ದಾರಂತೆ. ಇದು ಯಾವ ನ್ಯಾಯ? ಹೋಗಿ ಬಾಗಿಲು ತಟ್ಟಿದೆ. ಒಬ್ಬರು ಮುಖಕ್ಕೆ ಏನೋ ಹಸಿರು ಲೇಪ ಹಚ್ಕೊಂಡು ಬಂದು ನಿಂತರು. "ಮೂರು ದಿನ ಮುಗೀತು ಅಕ್ಕ, ಕೊಡಿ" ಅಂದೆ. ಕೊಟ್ಟರು.

ಮೆಟ್ಟಿಲ ಮೇಲೆ ಕೂತೇ ಓದೋಕೆ ಶುರು ಮಾಡಿದೆ. ಹೈಕೋರ್ಟ್ ಹತ್ತಿ ಹೋಗ್ತಾ, "ಯಾವ ಪುಟ?" ಅಂದರು. ಹೇಳಿದೆ. "ಅಯ್ಯೋ ಪಾಪ," ಅಂತ ತಲೆ ಸವರಿ ಹೋದರು. ಮುಂದೆ ಏನು ಕಾದಿದೆಯೋ.

ಆಗಸ್ಟ್ 16, ಶನಿವಾರ

ಮೂರನೇ ಭಾಗ ಮುಗೀತು. ಕೊನೇ ಸಾಲಲ್ಲಿ ದೊರೆ ಅವಳಿಗೆ ಬೆನ್ನು ತಿರುಗಿಸಿ ನಿಂತು, "ನಿನ್ನ ಮೇಲೆ ನನಗೆ ಏನೂ ಇಲ್ಲ, ಹೊರಟುಹೋಗು" ಅಂತಾನೆ. ಅವಳು ನೋಡ್ತಿದ್ದ ಹಾಗೇ ಬೆನ್ನ ಮೇಲೆ ಹೊಸ ಗರಿ ಒಂದು ಮೂಡುತ್ತೆ.

ನಾನು ಮೆಸ್ಸಲ್ಲಿ ಎಲ್ಲರ ಮುಂದೆ ಪುಸ್ತಕಕ್ಕೆ ಹೊಡೆದೆ.

ನಾಲ್ಕನೇ ಭಾಗದ ಸರದಿ ಅಲಾರಂದು. ಅವಳು ಗೊರಕೆ ಹೊಡೀತಿದ್ದಳು, ಹೈಕೋರ್ಟ್ ಹತ್ತಿರ ಹೋಗಿ ಸರದಿ ನನ್ನ ಹೆಸರಿಗೆ ಬರೆಸ್ಕೊಂಡೆ. ನಮ್ಮ ಫ್ಲೋರಲ್ಲಿ ಇದನ್ನ ಮೊದಲು ಓದೋಳು ನಾನೇ.

ಆಗಸ್ಟ್ 17, ಭಾನುವಾರ

ಅಮ್ಮ ಹೇಳದೆ ಕೇಳದೆ ಬಂದಿದ್ದಳು. ಕಾರಿಡಾರಲ್ಲಿ ಅವಳ ದನಿ ಕೇಳಿ ಪುಸ್ತಕವನ್ನ ದಿಂಬಿನ ಕವರಿನೊಳಗೆ ತುರುಕಿದೆ. ಓದೋಕೆ ಆಗ್ತಿಲ್ಲ ಅಂತ ಅತ್ತ ಮಗಳು ಗರಿ ದೊರೆಯನ್ನ ಓದ್ತಿದ್ದಾಳೆ ಅಂತ ಗೊತ್ತಾದರೆ?

ಅಮ್ಮ ಮನೇಲೇ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲೀತಾಳೆ. ಯಾವ ರೂಮಿಗೆ ಹೋದರೂ ಮೊದಲು ಬಟ್ಟೆ ನೋಡ್ತಾಳೆ. ಅರ್ಧ ಗಂಟೆಯಲ್ಲಿ ನನ್ನ ಸ್ವೆಟರ್, ಹೊದಿಕೆ, ಎಲ್ಲ ಮಡಿಸಿ ಬ್ಯಾಗಿಗೆ ಹಾಕಿದಳು. "ಹೇಗೂ ತಿಂಗಳ ಕೊನೆಗೆ ಬರ್ತೀಯ. ಅವತ್ತು ಎಲ್ಲ ಒಟ್ಟಿಗೆ ಹೊರೋದು ಯಾಕೆ, ಈಗಲೇ ಅರ್ಧ ತಗೊಂಡು ಹೋಗ್ತೀನಿ." ಸರಿ ಅಂದೆ. ಬಸ್ ಹೊರಟ ಮೇಲೆ ರೂಮಿಗೆ ಬಂದು ನೋಡಿದರೆ ದಿಂಬೂ ಇಲ್ಲ.

ಆಗಸ್ಟ್ 18, ಸೋಮವಾರ

ಇಡೀ ಫ್ಲೋರ್ ಮುಂದೆ ವಿಚಾರಣೆ ಆಯ್ತು. ಹೈಕೋರ್ಟ್ ಮಂಚದ ಮೇಲೆ, ಆರೋಪಿ ನೆಲದ ಮೇಲೆ.

"ನಾಲ್ಕನೇ ಭಾಗ ಎಲ್ಲಿದೆ?"

"ಅಮ್ಮನ ಹತ್ತಿರ ಇದೆ ಅಕ್ಕ."

"ಅಮ್ಮನ ಹೆಸರು ಪಟ್ಟಿಯಲ್ಲಿ ಇದೆಯಾ?"

"ಇಲ್ಲ."

"ನನ್ನ ಸರದಿ ಕದ್ದಳು, ಆಮೇಲೆ ಊರು ದಾಟಿಸಿದಳು," ಅಂತ ಅಲಾರಂ ನಿದ್ದೆಗಣ್ಣಲ್ಲೇ ಸಾಕ್ಷಿ ಹೇಳಿದಳು.

ತೀರ್ಪು: ಪುಸ್ತಕ ವಾಪಸ್ ತರಿಸಬೇಕು, ಅಲ್ಲಿವರೆಗೆ ಎಲ್ಲರ ಬೂಟು ನನ್ನ ಪಾಲು. ಫ್ಲೋರಲ್ಲಿ ಎಷ್ಟು ಬೂಟು ಇವೆ ಅಂತ ಇವತ್ತು ಗೊತ್ತಾಯ್ತು. ಯಾವುದು ಯಾರದು ಅಂತಲೂ ಗೊತ್ತಾಯ್ತು, ಎಲ್ಲರೂ ಬಂದು ಪಕ್ಕದಲ್ಲಿ ಕೂತು, ಅಮ್ಮ ಸಿಟ್ಟು ಮಾಡ್ಕೋತಾರಾ, ಅಮ್ಮ ಅದನ್ನ ಸುಡ್ತಾರಾ ಅಂತ ಕೇಳ್ತಾ ಇದ್ದರು.

ಆಗಸ್ಟ್ 19, ಮಂಗಳವಾರ

ಅಮ್ಮನಿಗೆ ಫೋನ್ ಮಾಡಿದೆ. ದಿಂಬಿನ ಕವರ್ ಒಗೆಯೋಕೆ ತೆಗೆದಾಗ ಸಿಕ್ಕಿತಂತೆ.

"ಏನೇ ಇದು? ಪುಸ್ತಕಕ್ಕೆ ಎಷ್ಟು ಕೆಟ್ಟ ಹೊಲಿಗೆ ಹಾಕಿದ್ದೀರ," ಅಂದಳು.

"ಅಮ್ಮ, ನಾಳೆನೇ ಕೊರಿಯರ್ ಮಾಡು. ತುಂಬಾ ಜನ ಕಾಯ್ತಿದ್ದಾರೆ."

"ಮಾಡ್ತೀನಿ. ಅಲ್ಲಾ, ಈ ಹುಡುಗಿ ಯಾಕೆ ಅಳ್ತಿದ್ದಾಳೆ?"

"ಎಷ್ಟು ಓದಿದೆ?"

"ಓದಿಲ್ಲಪ್ಪ, ಸುಮ್ನೆ ತಿರುಗಿಸಿದೆ. ಆಮೇಲೆ ಆ ಬಿಳಿ ಕುದುರೆ ಯಾರದು?"

ಕುದುರೆ ಬರೋದು ಮೂವತ್ತು ಪುಟ ಆದ ಮೇಲೆ ಅಂತ ಆಮೇಲೆ ಹೈಕೋರ್ಟ್ ಹೇಳಿದರು. ಹೇಳಿ ನಾಲಿಗೆ ಕಚ್ಕೊಂಡರು. ಇವತ್ತಿನ ಬೂಟು ಅವರೂ ತೊಳೆದರು.

ಆಗಸ್ಟ್ 21, ಗುರುವಾರ

ಕೊರಿಯರ್ ಬಂದಿಲ್ಲ. "ಅಂಗಡಿ ಮುಚ್ಚಿತ್ತು," ಅಂದಳು ಅಮ್ಮ. "ಸರಿ, ಏನಾಯ್ತು ಅಂತನಾದರೂ ಹೇಳು," ಅಂದೆ. ಅಮ್ಮ ಶುರು ಮಾಡಿದಳು. ಒಬ್ಬಳೇ ಕೇಳೋದು ಅನ್ಯಾಯ ಅನಿಸಿ ಸ್ಪೀಕರ್ ಹಾಕಿ ಕಾರಿಡಾರಲ್ಲಿಟ್ಟೆ. ಯಾರೋ ಕಿಸಕ್ಕಂತ ನಕ್ಕರು.

"ಯಾರು ನಕ್ಕಿದ್ದು?"

ಎಲ್ಲರೂ ಒಬ್ಬರ ಬಾಯಿ ಒಬ್ಬರು ಮುಚ್ಚಿದರು.

"ಪುಟ್ಟಿ, ಎಷ್ಟು ಜನ ಇದೀರ ಅಲ್ಲಿ?"

"ಇಡೀ ಫ್ಲೋರ್, ಆಂಟಿ," ಅಂದಳು ಅಲಾರಂ.

ಅಮ್ಮ ಫೋನ್ ಇಡ್ತಾಳೆ, ಆಮೇಲೆ ನನಗೆ ಮಂಗಳಾರತಿ ಅಂದ್ಕೊಂಡೆ. "ಹಾಗಾದರೆ ಮೊದಲಿಂದ ಹೇಳ್ತೀನಿ, ತಡೀರಿ, ಕನ್ನಡಕ ತಗೋತೀನಿ," ಅಂದಳು.

ಬರೆದಿಡ್ತೀನಿ, ಮರೆತುಹೋಗಬಾರದು. ಅಮ್ಮ ಇಂಗ್ಲಿಷನ್ನ ಬೆರಳಿಟ್ಟು ಓದ್ಕೊಂಡು ನಮ್ಮ ಮಾತಲ್ಲಿ ಹೀಗೆ ಹೇಳ್ತಾಳೆ: "ಈ ಹುಡುಗಿ ದೋಣಿ ಹತ್ತಿದಳು. ಒಬ್ಬಳೇ. ಮನೇಲಿ ಯಾರಿಗೂ ಹೇಳಿಲ್ಲ. ಹೇಳಬೇಕಿತ್ತು. ದೊರೆ ದಡದಲ್ಲಿ ನಿಂತಿದಾನೆ. ಮೈಮೇಲೆ ಅಂಗಿ ಇಲ್ಲ, ಈ ಚಳೀಲಿ. ಯಾಕೆ ಅಂತ ನನಗೆ ಗೊತ್ತು. ರೆಕ್ಕೆ ಇರೋನಿಗೆ ಹೊಲಿಯೋಕೆ ಆ ಊರಲ್ಲಿ ಯಾರಿಗೂ ಬರಲ್ಲ. ಬೆನ್ನಲ್ಲಿ ಎರಡು ಸೀಳು, ಕೆಳಗೆ ಗುಂಡಿ, ಅಷ್ಟೇ ಕೆಲಸ. ಸರಿ, ಅವಳು ದೋಣಿಯಿಂದ ಇಳಿದಳು. ಅವನು ಹತ್ತಿರ ಬಂದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ."

ಹಾಳೆ ತಿರುಗಿಸಿದ ಸದ್ದು.

"ಇನ್ನೂ ಮಾತಾಡಿಲ್ಲ."

ಇನ್ನೊಂದು ಹಾಳೆ. ಮತ್ತೊಂದು.

"ಹಾಂ, ಬೆಳಗಾಯ್ತು."

ಕಾರಿಡಾರಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಹೈಕೋರ್ಟ್ ಕಣ್ಣು ಒರೆಸ್ಕೊಂಡು, "ಆಂಟಿ, ಆ ಪುಟಗಳನ್ನ ದಾಖಲೆಗೋಸ್ಕರ ಓದಬೇಕು," ಅಂದರು.

"ದಾಖಲೆಯಲ್ಲಿ ಮಾತಾಡಲಿಲ್ಲ ಅಂತಲೇ ಬರ್ಕೊಳಮ್ಮ," ಅಂದಳು ಅಮ್ಮ.

ಆಗಸ್ಟ್ 23, ಶನಿವಾರ

ದಿನಾ ಸಂಜೆ ಗಿರಾಕಿಗಳು ಹೋದ ಮೇಲೆ ಅಮ್ಮನ ಪಾರಾಯಣ. ಇವತ್ತು ದೀಪ ಹಚ್ಚೋಳು ದೊರೆಯ ಎದೆಗೆ ತಲೆ ಒರಗಿಸಿ ಅತ್ತಳು. ಎಲ್ಲರೂ "ಆಹಾ" ಅಂದರು. ನನಗೆ ಒಂದು ಅನುಮಾನ ಬಂತು, ಬಾಯಿ ತಡೆಯಲಿಲ್ಲ.

"ಅವನು ನಿಜವಾಗಿ ಹಾರೋನಾದರೆ ಒರಗೋಕೆ ಆಗಲ್ಲ," ಅಂದೆ. "ಕೋಳಿ ಎದೆಮೂಳೆ ನೋಡಿದೀರಲ್ಲ, ದೋಣಿ ತಳದ ಥರ ಮುಂದೆ ಚಾಚಿರುತ್ತೆ. ರೆಕ್ಕೆ ಬಡಿಯೋ ಸ್ನಾಯುವಿಗೆ ಅಷ್ಟು ಜಾಗ ಬೇಕೇ ಬೇಕು. ಅವನಿಗೂ ಅದು ಇದ್ದರೆ ಅವಳ ಕಿವಿಗೆ ಚುಚ್ಚುತ್ತೆ."

"ಚುಚ್ಚಿದ್ದಕ್ಕೇ ಅತ್ತಿರಬೇಕು," ಅಂದಳು ಅಲಾರಂ.

ಒಂದು ಗುಂಪು ಎದೆ ಚಪ್ಪಟೆ ಇರಲಿ, ಹಾರದಿದ್ದರೂ ಪರವಾಗಿಲ್ಲ ಅಂತು. ಇನ್ನೊಂದು ಗುಂಪು ಹಾರಲಿ, ಒರಗೋಕೆ ಭುಜ ಇದೆಯಲ್ಲ ಅಂತು. ಅನಾಟಮಿ ಪುಸ್ತಕ ಬಂತು, ಮೆಸ್ಸಿಂದ ಕೋಳಿ ಮೂಳೆ ಬಂತು. ಅಲಾರಂ ಬೆನ್ನಿಗೆ ಎರಡು ಛತ್ರಿ ಕಟ್ಟಿ ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನಾನು ಚಾಕ್‌ಪೀಸಲ್ಲಿ ಗುರುತು ಹಾಕಿದೆ. ಕೇಳ್ತಿದ್ದ ಅಮ್ಮ, "ಛತ್ರಿ ಕಡ್ಡಿ ಮುರೀಬೇಡಿ," ಅಂದಳು.

ಸೋಮವಾರದ ಟೆಸ್ಟಿಗೆ ಏನೂ ಓದಿಲ್ಲ. ಟೈಮೇ ಸಿಗ್ತಿಲ್ಲ.

ಆಗಸ್ಟ್ 25, ಸೋಮವಾರ

ಮೂಳೆ ಮೇಡಂ ಟೇಬಲ್ ಮೇಲೆ ಬಟ್ಟೆ ಮುಚ್ಚಿದ ಟ್ರೇ. ನೋಡದೆ ಕೈ ಹಾಕಿ ಒಂದು ಮೂಳೆ ತೆಗೆದು ಅದರ ಬಗ್ಗೆ ಹೇಳಬೇಕು. ನನ್ನ ಕೈಗೆ ಕೋಳಿ ಎದೆಮೂಳೆ ಬಂತು.

"ಹೇಳು."

ಹೇಳಿದೆ. ಕೆಳಗೆ ಬಡಿಯೋ ಸ್ನಾಯು ಇಲ್ಲಿಂದ ಹೊರಡುತ್ತೆ, ಮೇಲೆ ಎತ್ತೋದೂ ಇಲ್ಲಿಂದಲೇ, ಆದರೆ ಅದರ ತುದಿ ಭುಜದ ತೂತಿನೊಳಗಿಂದ ಹಾದು ರಾಟೆಯ ಹಗ್ಗದ ಥರ ತಿರುಗುತ್ತೆ ಅಂತ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಆದ್ದರಿಂದ ಬೆನ್ನಿಗೆ ರೆಕ್ಕೆ ಬಂದುಬಿಟ್ಟರೆ ಸಾಲದು ಮೇಡಂ. ಮನುಷ್ಯನ ಎದೆ ಚಪ್ಪಟೆ. ಅವನು ಎಷ್ಟೇ ದೊಡ್ಡ ದೊರೆ ಆಗಿದ್ದರೂ..."

"ನಾನು ಕೇಳಿದ್ದು ಕೋಳಿ ಬಗ್ಗೆ," ಅಂದರು ಮೇಡಂ.

ಮಾರ್ಕ್ಸನ್ನ ಕೈ ಅಡ್ಡ ಹಿಡಿದು ಬರೆದರು, ಕಾಣಲಿಲ್ಲ. ಖಂಡಿತ ಫೇಲ್. ಎದ್ದು ಹೊರಟಾಗ, "ಮುಂದಿನ ಹುಡುಗಿ ಹೊರಗೆ ನಡುಗ್ತಿದ್ದಾಳೆ, ಒಂದೆರಡು ಮಾತು ಹೇಳಿ ಕಳಿಸು," ಅಂದರು. ಹೇಳಿ ಕಳಿಸಿದೆ.

ಸಂಜೆ ಅಮ್ಮ ನಾಲ್ಕನೇ ಭಾಗ ಮುಗಿಸಿದಳು. ಈಗ ವಾಪಸ್ ಕಳಿಸು ಅಂದರೆ, "ಐದನೇದು ಕಳಿಸಿ, ಆಮೇಲೆ ನೋಡೋಣ," ಅಂತಾಳೆ. ಹೈಕೋರ್ಟ್ ಮತಕ್ಕೆ ಹಾಕಿದರು. ನಾವೇ ಓದೋದಕ್ಕಿಂತ ಆಂಟಿ ಹೇಳಿದರೇ ಚೆಂದ ಅಂತ ಎಲ್ಲರೂ ಕೈ ಎತ್ತಿದರು. ಐದನೇ ಭಾಗವನ್ನ ನಾನೇ ಪ್ಯಾಕ್ ಮಾಡಿದೆ. ಬೂಟು ಶಿಕ್ಷೆ ರದ್ದಾಯ್ತು.

ಆಗಸ್ಟ್ 27, ಬುಧವಾರ

ಅಲಾರಂ ಏಳಲಿಲ್ಲ. ಕರು ನಾನೇ ಅಳೆದೆ. ಟೇಪು ಕಟ್ಟಿದಾಗ ಅದು ನನ್ನ ತೋಳು ಚೀಪಿತು. ತೋಳು ಒದ್ದೆ, ಅಷ್ಟೇ. ಕಿವಿ ಹಿಂದೆ ಕೆರೆದರೆ ಕಣ್ಣು ಮುಚ್ಕೊಳ್ಳುತ್ತೆ ಅಂತ ಯಾರೂ ಹೇಳಿರಲಿಲ್ಲ.

ಆಗಸ್ಟ್ 28, ಗುರುವಾರ

ಐದನೇ ಭಾಗದ ಮೊದಲ ಪಾರಾಯಣ ಆದ ಮೇಲೆ, "ಸ್ಪೀಕರ್ ತೆಗಿ," ಅಂದಳು ಅಮ್ಮ. ತೆಗೆದೆ.

"ನಿನ್ನ ಮಂಚ ಕಿಟಕಿ ಪಕ್ಕ ಹಾಕಿದೀನಿ. ಮಷೀನು ಹಾಲಿಗೆ ತಂದೆ. ನೀನು ಓದುವಾಗ ಗಿರಾಕಿಗಳು ಒಳಗೆ ಬರೋದು ಬೇಡ."

"ಹೂಂ."

"ಊರ ಮಕ್ಕಳ ಅಳತೆಯೆಲ್ಲ ಬಾಯಲ್ಲೇ ಇದೆ ನನಗೆ. ನೀನು ಬಂದಾಗ ಮಾತ್ರ ಪ್ರತಿ ರಜೆಗೂ ಹೊಸದಾಗಿ ಅಳೀಬೇಕಾಗ್ತಿತ್ತು." ಆಮೇಲೆ ನಕ್ಕಳು. "ಇನ್ನು ಆ ಕಷ್ಟ ಇಲ್ಲ. ಭಾನುವಾರ ಬರ್ತೀಯಲ್ಲ?"

"ಹೂಂ ಅಮ್ಮ, ಬರ್ತೀನಿ," ಅಂದೆ.

ಫೋನ್ ಇಟ್ಟ ಮೇಲೆ ಬೆನ್ನಿನ ಮಧ್ಯದಲ್ಲಿ ಏನೋ ಚುಚ್ಚಿದ ಹಾಗಾಯ್ತು. ಅಲಾರಂಗೆ ತೋರಿಸಿದೆ. "ಏನೂ ಇಲ್ಲ, ಸೊಳ್ಳೆ," ಅಂದಳು. ಸರಿಯಾಗಿ ನೋಡು ಅಂದೆ. ಮತ್ತೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ನೀನು ಹೋಗಬೇಡ ಕಣೇ," ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಗೊರಕೆ ಬರಲಿಲ್ಲ.

ಆಗಸ್ಟ್ 29, ಶುಕ್ರವಾರ

ಬೆಳಿಗ್ಗೆ ಅಮ್ಮನ ಮೆಸೇಜ್: ಭಾನುವಾರಕ್ಕೆ ವ್ಯಾನ್ ಹೇಳಿದೀನಿ, ಡ್ರೈವರ್‌ಗೆ ಇವತ್ತು ಸಂಜೆಯೊಳಗೆ ಗಟ್ಟಿ ಮಾಡಿ ಹೇಳಬೇಕಂತೆ, ಎಷ್ಟು ಹೊತ್ತಿಗೆ ಬರಲಿ?

ಹೈಕೋರ್ಟ್ ಹತ್ತಿರ ಹೋದೆ. ಎಲ್ಲ ಕೇಳಿ, "ಈ ಕೇಸು ನನ್ನ ವ್ಯಾಪ್ತಿಗೆ ಬರಲ್ಲ ಕಣಮ್ಮ," ಅಂದರು. ನಿಮಗೆ ತೀರ್ಪು ಕೊಡೋಕೆ ಆಗದೆ ಇರೋದು ಇದೇ ಮೊದಲು ಅಂದೆ. "ಕೊಡಬಲ್ಲೆ, ಆದರೆ ನಾನು ನಿನ್ನ ಕಡೆಯವಳು," ಅಂದರು.

ಫೋನಲ್ಲಿ ಹೇಳೋಕೆ ಹೋದರೆ ಅಮ್ಮನ ದನಿ ಕೇಳಿ ಮತ್ತೆ ಹೂಂ ಅಂದುಬಿಡ್ತೀನಿ. ಮೆಸೇಜ್ ಹಾಕ್ತೀನಿ. ಮೊದಲು ಇಲ್ಲಿ ಬರೆದು ನೋಡ್ತೀನಿ, ತಿದ್ದೋದಿದ್ದರೆ ತಿದ್ದಿ ಕಳಿಸೋದು.

ಅಮ್ಮ, ವ್ಯಾನ್ ಬೇಡ ಅಂತ ಹೇಳು. ನಾನು ಇಲ್ಲೇ ಇರ್ತೀನಿ. ನಿನ್ನೆ ಬರ್ತೀನಿ ಅಂದಿದ್ದು ಸುಳ್ಳು. ನೀನು ಮಂಚ ಹಾಕಿಟ್ಟಿದೀನಿ ಅಂದಾಗ ಬೇರೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಯಾವಾಗಿಂದ ಇಲ್ಲಿರಬೇಕು ಅನಿಸಿತೋ ಅದೂ ಗೊತ್ತಿಲ್ಲ. ಮನೆ ಬೇಡ ಅಂತ ಅಲ್ಲಮ್ಮ. ಸ್ಕೂಲಲ್ಲಿದ್ದಾಗ ನೀನು ಫೋನ್ ಮಾಡಿದರೆ ಊಟ ಆಯ್ತಾ, ಆಯ್ತು, ಜ್ವರ ಇಲ್ವಾ, ಇಲ್ಲ, ಇಡ್ಲಾ, ಇಡು, ಅಷ್ಟೇ ಇರ್ತಿತ್ತು. ನೀನು ಇಷ್ಟು ತಮಾಷೆ ಮಾಡ್ತೀಯ ಅಂತ ನನಗೆ ಈ ತಿಂಗಳೇ ಗೊತ್ತಾಗಿದ್ದು. ನಾನು ಮನೇಲಿ ಇಲ್ಲ ಅಂತ ಅದನ್ನ ನಿಲ್ಲಿಸಬೇಡ. ಮಂಚ ತೆಗೀಬೇಡ, ಪ್ರತಿ ರಜೆಗೂ ಬರ್ತೀನಿ, ಅಳತೆ ತಗೋ. ಮಷೀನು ಮಾತ್ರ ಒಳಗೆ ಹಾಕ್ಕೋ, ಹಾಲಲ್ಲಿ ನಿನಗೆ ಬೆಳಕು ಸಾಲಲ್ಲ. ಭಾನುವಾರ ಬಸ್ಸಿಗೆ ಬಾ. ವಾರ್ಡನ್ ಹತ್ತಿರ ಹೋಗಿ ಗೆಸ್ಟ್ ರೂಮ್ ಕೇಳಿದೀನಿ, ಕೊಡ್ತಾರಂತೆ. ಇಲ್ಲಿ ಎಲ್ಲರೂ ನಿನ್ನ ಮುಖ ನೋಡಬೇಕು ಅಂತಿದ್ದಾರೆ, ಆರನೇ ಭಾಗವನ್ನ ನೀನು ಬರೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಸಿಟ್ಟು ಬಂದಿದ್ದರೆ ಬಂದು ಬೈಯಿ. ಬರೋದಿಲ್ಲ ಅಂತ ಮಾತ್ರ ಅನ್ನಬೇಡ. ಡ್ರೈವರ್ ಕಾಯ್ತಿರ್ತಾನೆ, ನಾನೂ ಕಾಯ್ತಿರ್ತೀನಿ. ಬೇಗ ಉತ್ತರ ಹಾಕು.